ನಬೀಲ್ ಉಸ್ತಾದರ ಒಂದು ಕೂಗು

ನಬೀಲ್ ಉಸ್ತಾದರು ನಗುವಾಗ ಸದ್ದೇ ಬರುತ್ತಿರಲಿಲ್ಲ. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಬಾಯಿ ಮಾತ್ರ ಮುಚ್ಚಿಯೇ ಇರುತ್ತಿತ್ತು. ಮೊದಲ ಸಲ ನೋಡಿದಾಗ ಅಳುತ್ತಿದ್ದಾರೆಂದುಕೊಂಡು ನೀರಿನ ಬಾಟಲಿ ತಂದುಕೊಟ್ಟೆ. ಅದಕ್ಕೆ ಇನ್ನಷ್ಟು ನಕ್ಕರು.

ಕುವೈತಿನ ಸಬ್ಹಾನಿನಲ್ಲಿರುವ ನಮ್ಮ ಕಂಪನಿಯ ಗೋದಾಮಿನಲ್ಲಿ ನಾನು ಎಂಜಿನಿಯರ್. ಯಂತ್ರಗಳ ಉಸ್ತುವಾರಿ, ಕೆಲಸಗಾರರ ಸುರಕ್ಷತೆ ಎರಡೂ ನನ್ನ ಹೊಣೆ. ಕಳೆದ ಚಳಿಗಾಲದಲ್ಲಿ ಮಾಲೀಕರು ಗೋದಾಮಿನ ಮುಂದಿನ ಅರ್ಧವನ್ನು ಶುಕ್ರವಾರಗಳಂದು ಒಂದು ಸಿನಿಮಾ ತಂಡಕ್ಕೆ ಬಿಟ್ಟುಕೊಟ್ಟರು. ಬೀಗದ ಕೈ ಹಿಡಿದು ಕಾಯುವ ಕೆಲಸ ನನಗೆ ಬಿತ್ತು. ಇದ್ದ ಒಂದು ರಜೆಯೂ ಹೋಯಿತೆಂದು ಮುಖ ಗಂಟಿಕ್ಕಿ ಕೂತಿದ್ದ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬಂದವರು ಆ ಸಿನಿಮಾದಲ್ಲಿ ನಟಿಸುತ್ತಿದ್ದ ಉಸ್ತಾದರು. “ಮೋಹನ್, ಈ ಸಿನಿಮಾದಲ್ಲಿ ವಿಲನ್ ಇಲ್ಲ. ನೀನು ಹೀಗೇ ಕೂತಿದ್ದರೆ ಡೈರೆಕ್ಟರ್ ಒಂದು ಪಾತ್ರ ಸೇರಿಸಿಬಿಡುತ್ತಾನೆ” ಎಂದರು. ಎಷ್ಟು ಮೆಲ್ಲಗೆ ಎಂದರೆ ಕೇಳಲು ನಾನು ಬಗ್ಗಬೇಕಾಯಿತು.

ಹುಟ್ಟಿದ್ದು ಬೈರೂತಿನಲ್ಲಿ, ಓದಿದ್ದು ಫ್ರೆಂಚ್ ಶಾಲೆಯಲ್ಲಿ. ಇಪ್ಪತ್ತರ ವಯಸ್ಸಿಗೆ ಪ್ಯಾರಿಸ್ಸಿಗೆ ಹೋಗಿ, ಫ್ರೆಂಚಿನಲ್ಲಿ ತಾವೇ ಹಾಡು ಬರೆದು, ತಾವೇ ರಾಗ ಹಾಕಿ, ಎರಡು ರೆಕಾರ್ಡ್ ತಂದಿದ್ದರಂತೆ. ಅವು ಹೆಚ್ಚು ದೂರ ಹೋಗಲಿಲ್ಲ. ಕೊನೆಗೆ ಕುವೈತಿನ ಒಂದು ಹೋಟೆಲಿನ ಊಟದ ಹಾಲಿನಲ್ಲಿ ಹನ್ನೆರಡು ವರ್ಷ ಹಾಡಿದರು. “ಅಲ್ಲಿ ಯಾರಿಗೂ ಫ್ರೆಂಚ್ ಬರುತ್ತಿರಲಿಲ್ಲ, ಸೂಪ್ ಕುಡಿಯುತ್ತಿದ್ದರು. ದುಃಖದ ಹಾಡು ಬಂದಾಗ ಮಾತ್ರ ಚಮಚದ ಸದ್ದು ಸ್ವಲ್ಪ ಕಡಿಮೆಯಾಗುತ್ತಿತ್ತು. ಅದೇ ನನಗೆ ಚಪ್ಪಾಳೆ” ಎನ್ನುತ್ತಿದ್ದರು.

ಆಮೇಲೆ ಗಂಟಲಿನ ಆಪರೇಷನ್ ಆಯಿತು. ಮೆಲ್ಲಗೆ ಮಾತಾಡಬಹುದು, ಯಾವ ಕಾರಣಕ್ಕೂ ಕೂಗಬಾರದು ಎಂದರು ಡಾಕ್ಟರು. ಹಾಡು ನಿಂತಿತು. ಆದರೆ ಹೋಟೆಲಿಗೆ ಬರುತ್ತಿದ್ದ ಒಬ್ಬ ನಿರ್ದೇಶಕನಿಗೆ ಆ ಪಿಸುದನಿ ಹಿಡಿಸಿತು. ಕಳ್ಳಸಾಗಣೆಯವನಾಗಿ, ಕೇಡಿಗ ವಕೀಲನಾಗಿ ಸಾಲಾಗಿ ಪಾತ್ರಗಳು ಬಂದವು. “ಬೇರೆ ವಿಲನ್‌ಗಳು ಕಿರುಚುತ್ತಾರೆ. ನಾನು ಗುಟ್ಟು ಹೇಳುತ್ತೇನೆ. ಜನ ಅದಕ್ಕೇ ಹೆಚ್ಚು ಹೆದರುತ್ತಾರೆ, ಹಬೀಬಿ.” ಕುವೈತಿ ಅರಬ್ಬಿಯ ಧಾಟಿ ಅವರಿಗೆ ಸುಲಭವಾಗಿರಲಿಲ್ಲ. ಹಾಗಾಗಿ ಪ್ರತಿ ಸಂಭಾಷಣೆಗೂ ಮೊದಲು ಮೊಣಕಾಲು ತಟ್ಟುತ್ತ ಒಂದು ರಾಗ ಹಾಕಿಕೊಳ್ಳುತ್ತಿದ್ದರು, ಬಾಯಿಪಾಠವಾದ ಮೇಲೆ ರಾಗವನ್ನು ಕಳಚಿಬಿಡುತ್ತಿದ್ದರು.

ನಮ್ಮ ಗೋದಾಮಿನ ಸಿನಿಮಾದಲ್ಲಿ ಅವರದು ಮುದಿ ಗಾಯಕನ ಪಾತ್ರ. ಕೊನೆಯ ದೃಶ್ಯದಲ್ಲಿ ತಾವೇ ಬರೆದ ಹೊಸ ಫ್ರೆಂಚ್ ಹಾಡನ್ನು ತಮ್ಮದೇ ದನಿಯಲ್ಲಿ ಹಾಡಬೇಕಿತ್ತು. ಎರಡು ತಿಂಗಳು ಗಂಟಲಿಗೆ ವಿಶ್ರಾಂತಿ ಕೊಟ್ಟರೆ ಒಂದು ಹಾಡಿಗಾಗುವಷ್ಟು ದನಿ ಬರಬಹುದು ಎಂದಿದ್ದರಂತೆ ಡಾಕ್ಟರು. ಅಂದಿನಿಂದ ಉಸ್ತಾದರು ಮಾತು ಬಿಟ್ಟರು. ಕ್ಯಾಮೆರಾ ಮುಂದೆ ಬಿಟ್ಟರೆ ಬೇರೆಲ್ಲ ಕಡೆ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಫರ್ವಾನಿಯಾದ ನಮ್ಮ ಮನೆಗೆ ಊಟಕ್ಕೆ ಬಂದಾಗಲೂ ಹಾಗೇ. ನನ್ನ ಹೆಂಡತಿ ವಿದ್ಯಾ ಮೆಣಸು ಜೀರಿಗೆಯ ಕಷಾಯ ಇಟ್ಟು, “ರೀ, ಅವ್ರನ್ನ ಮಾತಾಡಿಸ್ಬೇಡಿ ಅಂತ ಎಷ್ಟ್ ಸಲ ಹೇಳ್ಲಿ? ನೀವ್ ಪ್ರಶ್ನೆ ಕೇಳ್ತಾ ಕೂತ್ರೆ ಪಾಪ ಅವ್ರೇನ್ ಮಾಡ್ತಾರೆ?” ಎಂದು ನನ್ನನ್ನೇ ಗದರಿದಳು. ಅವಳೇನಂದಳೆಂದು ಸನ್ನೆಯಲ್ಲಿ ಕೇಳಿದರು, ಹೇಳಿದೆ. ಚೀಟಿಯಲ್ಲಿ ಬರೆದರು: “ಇವಳು ನನ್ನ ಡಾಕ್ಟರಿಗಿಂತ ಜೋರು.”

ಹಾಡಿನ ಚಿತ್ರೀಕರಣಕ್ಕೆ ಇನ್ನೊಂದೇ ವಾರ ಉಳಿದಿತ್ತು. ಆ ಶುಕ್ರವಾರ ನಮ್ಮಲ್ಲೂ ತುರ್ತಾಗಿ ಮಾಲು ಕಳಿಸಬೇಕಿತ್ತು. ಮುಂದೆ ಶೂಟಿಂಗ್, ಹಿಂದೆ ಫೋರ್ಕ್‌ಲಿಫ್ಟ್. ಅದು ಹಿಂದಕ್ಕೆ ಬರುವಾಗಲೆಲ್ಲ ಬೀಪ್ ಬೀಪ್ ಎನ್ನುತ್ತದೆ. ಟೇಕ್ ಕೆಟ್ಟುಹೋಗುತ್ತಿದೆ ಎಂದು ಶಬ್ದಗ್ರಹಣದವನು ಮೂರು ಸಲ ಬಂದು ಗೋಗರೆದ. ನಾನು ಚಾಲಕ ಇಸ್ಮಾಯಿಲನಿಗೆ ಬೀಪಿನ ತಂತಿ ಕಳಚಲು ಹೇಳಿದೆ.

“ಸಾಬ್, ಯೇ ಠೀಕ್ ನಹೀಂ” ಎಂದ ಅವನು.

“ಒಂದ್ ಗಂಟೆ ಅಷ್ಟೇ ಭಾಯಿ. ಚಲೋ, ಯಲ್ಲಾ” ಎಂದೆ ನಾನು, ಗೋಡೆಯ ಮೇಲೆ ಸುರಕ್ಷತೆಯ ನಿಯಮಗಳನ್ನು ಅಂಟಿಸಿದ್ದ ಮನುಷ್ಯ.

ಅರ್ಧ ಗಂಟೆಯ ಮೇಲೆ ಮಗಳ ಫೋನ್ ಬಂತು. ಮಾಲಿನ ಸಾಲುಗಳ ನಡುವೆ, ಕಬ್ಬಿಣದ ರ‍್ಯಾಕಿಗೆ ಬೆನ್ನು ಕೊಟ್ಟು, ಶೂಟಿಂಗಿನ ಕಡೆ ಮುಖ ಮಾಡಿ ಮಾತಾಡುತ್ತ ನಿಂತಿದ್ದೆ. ಆಗ “ಮೋಹನ್!” ಎಂಬ ಕೂಗು ಕೇಳಿತು. ತಗಡಿನ ಮಾಡು ಅದುರುವಂಥ ಕೂಗು. ಉಸ್ತಾದರು ಮೇಕಪ್ಪಿನ ಕುರ್ಚಿಯಿಂದ ಎದ್ದು ನಿಂತಿದ್ದರು. ಅಪಾಯವೆಂದು ನನಗೆ ಹೊಳೆಯಲೇ ಇಲ್ಲ. ಇವರು ಕೂಗಿಬಿಟ್ಟರಲ್ಲ, ಇನ್ನೊಮ್ಮೆ ಕೂಗದಂತೆ ತಡೆಯಬೇಕು ಎಂದಷ್ಟೇ ಅನ್ನಿಸಿ, ಕೈಯೆತ್ತಿ “ಬೇಡ ಉಸ್ತಾದ್” ಎನ್ನುತ್ತ ಅವರ ಕಡೆಗೆ ಮೂರು ಹೆಜ್ಜೆ ಹಾಕಿದೆ. ಬೆನ್ನ ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ತಿರುಗಿ ನೋಡಿದರೆ ಫೋರ್ಕ್‌ಲಿಫ್ಟಿನ ಹಿಂಭಾಗ ರ‍್ಯಾಕಿಗೆ ಒತ್ತಿ ನಿಂತಿತ್ತು. ರ‍್ಯಾಕಿನ ಕಂಬ ಸರಿಯಾಗಿ ನನ್ನ ಸೊಂಟದ ಎತ್ತರಕ್ಕೆ ಬಾಗಿತ್ತು. ಫೋನಿನಲ್ಲಿ ಮಗಳು “ಅಪ್ಪಾ, ಆರ್ ಯೂ ದೇರ್?” ಎನ್ನುತ್ತಿದ್ದಳು.

ಈಗಲೂ ಅನ್ನ ಕಲೆಸುವಾಗ, ಲಿಫ್ಟಿಗೆ ಕಾಯುವಾಗ ಆ ಮೂರು ಹೆಜ್ಜೆ ನೆನಪಾಗುತ್ತವೆ. ಒಮ್ಮೊಮ್ಮೆ ನೆನಪಿನಲ್ಲಿ ಎರಡೇ ಹೆಜ್ಜೆ ಹಾಕಿರುತ್ತೇನೆ.

ಉಸ್ತಾದರು ಮತ್ತೆ ಬಾಯಿ ತೆರೆದಾಗ ಬರಿಯ ಗಾಳಿ ಬಂತು. ಒಳಗೆ ರಕ್ತ ಕಟ್ಟಿದೆ, ಇನ್ನು ಹಾಡುವ ಮಾತಿಲ್ಲ ಎಂದರು ಡಾಕ್ಟರು. ಬೇರೆಯವರ ದನಿಗೆ ತುಟಿಯಾಡಿಸಲು ಅವರು ಒಪ್ಪಲಿಲ್ಲ. ಕೊನೆಯ ದೃಶ್ಯದಲ್ಲಿ ಸುಮ್ಮನೆ ಕೂತರು. ಒಬ್ಬ ಹುಡುಗಿ ಔದ್ ನುಡಿಸಿದಳು.

ಕೆಲಸವಿಲ್ಲದ ಮೇಲೆ ಅವರು ಬೈರೂತಿಗೆ, ಅಕ್ಕನ ಮನೆಗೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಕರೆದೊಯ್ದೆ. ತಂತಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಇಸ್ಮಾಯಿಲನ ತಪ್ಪೆಂದೇ ಎಲ್ಲರೂ ನಂಬಿದ್ದರು. ಅದು ಅವನ ತಪ್ಪಲ್ಲ, ನನ್ನದು ಎಂದು ಕಂಪನಿಯಲ್ಲಿ ಹಿಂದಿನ ದಿನವಷ್ಟೇ ಒಪ್ಪಿಕೊಂಡಿದ್ದೆ. ಅವರ ಸೂಟ್‌ಕೇಸ್ ಹಿಡಿದು ಬಾಗಿಲವರೆಗೆ ನಡೆದು, ಕೊನೆಗೂ ಹೇಳಿದೆ. “ಉಸ್ತಾದ್, ಬೀಪ್ ಕಳಚಿಸಿದ್ದು ನಾನು. ನಿಮ್ಮ ಹಾಡು ಹೋಗಿದ್ದು ನನ್ನಿಂದ.”

ಅವರು ನಿಂತು ನನ್ನ ಕಡೆ ತಿರುಗಿದರು. ಆಮೇಲೆ, ಉಸಿರಿನಲ್ಲೇ ಮಾತು ಮಾಡಿಕೊಂಡು ಕೇಳಿದರು: “ಈಗ ಜೋಡಿಸಿದ್ದೀಯಾ?”

“ಅವತ್ತೇ ಜೋಡಿಸಿದೆ.”

ತಲೆಯಾಡಿಸಿದರು. ನನ್ನ ಕೈಯಿಂದ ಸೂಟ್‌ಕೇಸನ್ನು ಮೆಲ್ಲಗೆ ಬಿಡಿಸಿಕೊಂಡು ತಾವೇ ಹೊತ್ತು ಒಳಗೆ ನಡೆದರು. ಅದು ಕ್ಷಮೆ ಎಂದೇ ವಿದ್ಯಾ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ. ನಾನಿದ್ದೆ, ನನಗೆ ಗೊತ್ತಿಲ್ಲ.