ಆಮೇಲೆ ಮೇಡಂ ಮತ್ತು ನಮ್ಮ ಹುಳದ ಮನೆ

ಸುಜಾತ ಮೇಡಂ ಎದುರಿಗೆ ಚಪ್ಪಲಿ ಬಿಟ್ಟು ಕೂರುವ ಹಾಗಿರಲಿಲ್ಲ, ಎತ್ತಿಕೊಂಡು ಪಾಠಕ್ಕೆ ಹಚ್ಚಿಬಿಡುತ್ತಿದ್ದರು. ಚಪ್ಪಲಿ, ಟೀ ಲೋಟ, ಯಾರದೋ ಕನ್ನಡಕದ ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ನೆಲದ ಮೇಲೆ ದುಂಡಗೆ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ಬಾಣ ಎಳೆಯುತ್ತಿದ್ದರು. ಪ್ರತಿ ಬಾಣಕ್ಕೂ ಒಂದೇ ಪ್ರಶ್ನೆ: "ಆಮೇಲೆ?" ಉತ್ತರ ಕೊಟ್ಟರೆ ಮತ್ತೊಂದು ಬಾಣ, ಮತ್ತೊಂದು "ಆಮೇಲೆ?" ತರಬೇತಿ ಶುರುವಾದ ಮಾರನೆಯ ದಿನವೇ ಅವರಿಗೆ ಆಮೇಲೆ ಮೇಡಂ ಅಂತ ಹೆಸರು ಬಿದ್ದಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. "ಕರೀರಮ್ಮ, ಅದ್ರಲ್ಲೇನಿದೆ. ನಮ್ಮನೇಲಿ ಇನ್ನೂ ಕೆಟ್ಟದಾಗಿ ಕರೀತಾರೆ" ಎಂದು ನಗುತ್ತಿದ್ದರು.

ಹಳ್ಳಿ ಹೆಂಗಸರು ಪ್ರವಾಸಿಗಳನ್ನು ಕರೆದು ಊರು ತೋರಿಸುವುದು ಹೇಗೆ ಎಂಬುದರ ತರಬೇತಿ ಅದು, ಶಿಡ್ಲಘಟ್ಟದಲ್ಲಿ. ಮೇಡಂ ಮಂಚೇನಹಳ್ಳಿಯಿಂದ ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದರು. ನನ್ನ ತವರೂ ಅದೇ ಕಡೆ. ದಿಬ್ಬೂರಹಳ್ಳಿ ಹತ್ತಿರದ ಊರಿಗೆ ಸೊಸೆಯಾಗಿ ಬಂದು, ಓದಿದ ಬಿ.ಎ.ಯನ್ನು ಹುಳದ ಮನೆಯ ಬಾಗಿಲಲ್ಲೇ ಬಿಟ್ಟು ಒಳಗೆ ಹೋದವಳು ನಾನು. ರೇಷ್ಮೆ ಹುಳು ಸಾಕುವ ಮನೆಯ ಹೆಂಗಸಿಗೆ ಹಬ್ಬವೂ ಇಲ್ಲ, ತವರೂ ಇಲ್ಲ. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಅಷ್ಟೇ. ತರಬೇತಿ ಮುಗಿಸಿ ಗೈಡ್ ಆದರೆ ದಿನಾ ಹೊರಗೆ ಓಡಾಡಬಹುದು ಎಂಬ ಆಸೆಯಿಂದ, ಆ ದಿನಗಳ ಮಟ್ಟಿಗೆ ಸೊಪ್ಪು ಹಾಕುವುದನ್ನು ಕೂಲಿಯವರಿಗೆ ಒಪ್ಪಿಸಿ ಸೇರಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಮೇಡಂ ಹತ್ತಿರ ಮಾತ್ರ.

ಅವರ ಪಾಠ ಹೀಗಿರುತ್ತಿತ್ತು. "ಜನ ಬಂದ್ರು. ಆಮೇಲೆ?"

"ಟೀ ಅಂಗಡಿ ಆಗ್ತದೆ ಮೇಡಂ."

"ಆಮೇಲೆ?"

"ಇನ್ನೂ ಜಾಸ್ತಿ ಕಾರು ಬರ್ತವೆ."

"ಆಮೇಲೆ?"

ಜಂಗಮಕೋಟೆಯ ನಾಗರತ್ನಕ್ಕ ತಡೆಯಲಾರದೆ ಎದ್ದರು. "ಆಮೇಲೇನು, ಧೂಳು! ರಸ್ತೆ ಧೂಳೆಲ್ಲ ತೋಟದ ಸೊಪ್ಪಿನ ಮೇಲೆ ಕೂತ್ಕೊಂಡ್ರೆ ಹುಳ ತಿಂತವಾ? ಹುಳನೇ ಇಲ್ದಿದ್ರೆ ಯಾರು ಬರ್ತಾರೆ ನೋಡಕ್ಕೆ?"

ಮೇಡಂ ಸೀಮೆಸುಣ್ಣ ಎಸೆದು ಚಪ್ಪಾಳೆ ತಟ್ಟಿದರು. "ನೋಡುದ್ರಾ! ಬಾಣ ಸುತ್ತಾಕ್ಕೊಂಡು ಹೊರಟ ಕಡೆಗೇ ಬಂತು. ಒಂದು ಕಡೆ ಕೈಯಿಟ್ರೆ ಇನ್ನೆಲ್ಲೋ ಅಲ್ಲಾಡ್ತದೆ ಕಣ್ರಮ್ಮ." ಕಾರುಗಳನ್ನು ಊರಾಚೆಯೇ ನಿಲ್ಲಿಸಬೇಕು ಎಂದು ಅವತ್ತು ನಾವೇ ತೀರ್ಮಾನ ಮಾಡಿದೆವು. ನನಗಂತೂ ಇಡೀ ಪ್ರಪಂಚ ಅರ್ಥವಾಗಿಬಿಟ್ಟಿತು ಎನ್ನುವಷ್ಟು ಖುಷಿ.

ನಮ್ಮ ಮನೆಗೆ ಜನರನ್ನು ಕರೆಯೋಣ ಎಂದಾಗ ಅತ್ತೆ ಸಿಟ್ಟಿನಿಂದ ಕುಣಿದಾಡಿದರು. ಹೊರಗಿನವರು ಕಾಲಿಟ್ಟರೆ ರೋಗ ಬರುತ್ತದೆ, ಊದುಬತ್ತಿ ವಾಸನೆಯೇ ಹುಳಕ್ಕೆ ಆಗದು, ಇನ್ನು ಪಟ್ಟಣದವರ ಸೆಂಟು ಆದೀತೇ ಎಂದು. ಅವರ ಮಾತು ಸುಳ್ಳಲ್ಲ. ಮೇಡಂ ಅಂಗಳದಲ್ಲಿ ಕೂತು ಬಾಣ ಎಳೆದೆಳೆದು ಒಂದು ಉಪಾಯ ಹುಡುಕಿದರು. ಹುಳದ ಮೇಲೆ ಮೊಟ್ಟೆಯಿಟ್ಟು ಸಾಯಿಸುವ ಊಜಿ ನೊಣ ಬಾರದಂತೆ ಕಿಟಕಿಗೆ ಜಾಲರಿ ಇದ್ದೇ ಇತ್ತಲ್ಲ, ಆ ಕಿಟಕಿಯನ್ನೇ ದೊಡ್ಡದು ಮಾಡಿಸೋದು. ನೋಡುವವರು ಹೊರಗೆ, ಹುಳ ಒಳಗೆ. ಹುಳದ ಮನೆಯ ಬಾಗಿಲ ಮೇಲೆ ತಾವೇ ದಪ್ಪಕ್ಷರದಲ್ಲಿ ಬರೆದರು: "ಹೊರಗಿನವರಿಗೆ, ಯಾರೇ ಆಗಲಿ, ಪ್ರವೇಶವಿಲ್ಲ." ಅತ್ತೆಗೆ ಓದಲು ಬಾರದು. ನನ್ನಿಂದ ಓದಿಸಿಕೊಂಡು, "ಬಾಗುಂದಮ್ಮಾ" ಎಂದು ತೆಲುಗಿನಲ್ಲೇ ಮೆಚ್ಚಿ, "ಈಗ ಸರಿಹೋಯ್ತು" ಎಂದರು.

ಜನ ಬಂದರು. ಶನಿವಾರ, ಭಾನುವಾರ ಕಿಟಕಿಯ ತುಂಬ ಮುಖಗಳು, ಮೊಬೈಲುಗಳು. ಅವರಿಗೆ ಹುಳ ಸುಮ್ಮನೆ ಮಲಗಿದ್ದರೆ ಸಾಲದು, ಸೊಪ್ಪು ತಿನ್ನುವುದನ್ನು ನೋಡಬೇಕು. ತಿನ್ನಬೇಕಾದರೆ ಹಾಕುವವಳು ಬೇಕು. ಯಾವತ್ತು ಬಂದರೂ ಹುಳ ಇರಲಿ ಎಂದು ನನ್ನ ಗಂಡ ಒಂದು ಬೆಳೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಮರಿಹುಳ ತಂದರು. ಮೊದಲು ಗೂಡು ಬಿಡಿಸಿದ ಮೇಲೆ ನಾಲ್ಕು ದಿನ ಉಸಿರಾಡುತ್ತಿದ್ದೆ. ಈಗ ಅದೂ ಹೋಯಿತು. ಊರು ತೋರಿಸುವ ಕೆಲಸ ಮೈದುನನ ಪಾಲಾಯಿತು. ಅವನು ಕಿಟಕಿಯ ಹೊರಗೆ ನಿಂತು, "ಇವರು ನಮ್ಮ ಅತ್ತಿಗೆ, ಡಿಗ್ರಿ ಓದಿದಾರೆ" ಎಂದು ನನ್ನನ್ನೂ ತೋರಿಸುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಒಂದು ಭಾನುವಾರ ಆ ಮುಖಗಳ ನಡುವೆ ಮೇಡಂ ಮುಖ ಕಂಡಿತು. ಚಿಕ್ಕಬಳ್ಳಾಪುರದಲ್ಲಿ ಟ್ರೈನರುಗಳ ತರಬೇತಿಗೆ ನನ್ನ ಹೆಸರು ಬರೆಸಿದ್ದಾರೆ, ಮುಗಿಸಿದರೆ ನಾನೂ ಅವರ ಹಾಗೆ ಊರೂರು ತಿರುಗಿ ಪಾಠ ಮಾಡಬಹುದು, ಅದನ್ನು ಹೇಳಲು ಬಂದಿದ್ದರು. ಜನ ಚದುರುವ ತನಕ ಅವರು ನನ್ನನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಜಾಲರಿಗೆ ಹಣೆ ಆನಿಸಿ ಹೇಳಿದರು. "ಬಾಣದಲ್ಲಿ ಕಾರು ಬರೆದೆ, ಧೂಳು ಬರೆದೆ, ನೊಣಾನೂ ಬರೆದೆ. ಸೊಪ್ಪು ಹಾಕೋಳನ್ನ ಬರೀಲೇ ಇಲ್ಲ ಕಣೇ ಮಂಜುಳಾ."

ಅವರು ನೇರ ಅತ್ತೆಯ ಹತ್ತಿರ ಹೋದರು. "ಮೂರು ವಾರ ಕಳ್ಸಿಕೊಡಿ ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಳ್ಸಣ. ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ? ನನ್ನ ಮೊಣಕಾಲು ನೋಡಮ್ಮ, ಬಗ್ಗಕ್ಕಾಗಲ್ಲ."

"ನಾನು ಹಾಕ್ತೀನಿ. ರಜ ಹಾಕಿ ಇಲ್ಲೇ ಇರ್ತೀನಿ."

ಎಂಥಾ ಮಾತು! ಒಳಗಿದ್ದ ನನಗೆ ಅಳು ಒತ್ತರಿಸಿಕೊಂಡು ಬಂತು. ಅತ್ತೆ ಕೋಪವನ್ನೇನೂ ಮಾಡಿಕೊಳ್ಳಲಿಲ್ಲ. ಬಾಗಿಲ ಕಡೆ ಕೈ ತೋರಿಸಿದರು. "ನೀನೇ ಬರ್ದಿದ್ದೀಯಲ್ಲಮ್ಮ, ಹೊರಗಿನೋರು ಯಾರೂ ಒಳಗೆ ಬರಂಗಿಲ್ಲ ಅಂತ. ಮೊದಲು ಕೂಲಿಯೋರಾದ್ರೂ ಬರ್ತಿದ್ರು, ಈಗ ಅವರನ್ನೂ ಬಿಡಲ್ಲ ನಾವು." ಮೇಡಂ ತಾವೇ ಬರೆದದ್ದನ್ನು ಓದುತ್ತಾ ನಿಂತರು. ತರಬೇತಿಗೆ ಬೇರೆ ಯಾರೋ ಹೋದರು.

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಎಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ನನ್ನ ಗಂಡನಿಗೂ ಕಂಡಿರಲಿಲ್ಲ, ಅವರಿಗೆ ಕಂಡಿತ್ತು.

ಕೊನೆಯ ಸಲ ಬಂದಾಗ ಅವರ ಕೆಲಸದ ಅವಧಿ ಮುಗಿದಿತ್ತು. ಮುಂದೆ ಹಾಕುವುದು ಗೌರಿಬಿದನೂರಿಗೋ ಇನ್ನೆಲ್ಲಿಗೋ, ಅವರಿಗೇ ಗೊತ್ತಿರಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಕೊನೆಯ ಸೊಪ್ಪಿನ ಕಾಲ, ಒಂದು ಗಳಿಗೆ ಬಿಟ್ಟಿರುವ ಹಾಗಿಲ್ಲ. "ಸ್ವಲ್ಪ ಹೊರಗೆ ಬಾರೇ, ಮುಖ ನೋಡ್ಕೊಂಡು ಹೋಗ್ತೀನಿ" ಎಂದರು ಜಾಲರಿಯಾಚೆಯಿಂದ.

"ಇರಿ ಮೇಡಂ, ಇದೊಂದು ಸಾಲಿಗೆ ಸೊಪ್ಪು ಹಾಕಿ ಬಂದೆ."

ಸಾಲು ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಹೊರಗೆ ಓಡಿ ಬಂದರೆ ಕಿಟಕಿಯ ಹತ್ತಿರ ಬೆಂಗಳೂರಿನ ದಂಪತಿ ಮಾತ್ರ ಇದ್ದರು.

"ಇಲ್ಲೊಬ್ಬರು ಮೇಡಂ ನಿಂತಿದ್ರಲ್ಲ?"

"ಬಸ್ ಬಂತು ಅಂತ ಹೋದ್ರು" ಎಂದಳು ಆಕೆ. ನನ್ನನ್ನು ನೋಡಿ ಅವಳ ಮುಖ ಅರಳಿತು. "ಒಳಗಿದ್ದೋರು ನೀವೇ ಅಲ್ವಾ? ಪ್ಲೀಸ್, ಇನ್ನೊಂದ್ಸಲ ಒಳಗೆ ಹೋಗ್ತೀರಾ? ಫೋಟೋ ಸರಿಯಾಗಿ ಬಂದಿಲ್ಲ."

ರಸ್ತೆಯ ಕಡೆ ಒಮ್ಮೆ ನೋಡಿದೆ. ಆಮೇಲೆ ಕಾಲು ತೊಳೆದುಕೊಂಡು ಒಳಗೆ ಹೋದೆ.