ಎಡಗಾಲಿಗೆ ಕೊಟ್ಟ ಶಿಕ್ಷೆ

ಹೆರಿಗೆಯಾದ ಒಂಬತ್ತನೆಯ ದಿನ ಬೆಳಿಗ್ಗೆ ನನ್ನ ಎಡಗಾಲು ಭಾರವಾಯಿತು. ತೊಟ್ಟಿಲಿನ ಕಡೆ ಹೋಗಲೆಂದು ಎದ್ದೆ. ತೊಡೆಯೊಳಗೆ ಯಾರೋ ಹುರಿ ಹಿಡಿದು ಎಳೆದಂತಾಯಿತು. ಅಲ್ಲೇ ಕೂತೆ. ಮಧ್ಯಾಹ್ನದ ಹೊತ್ತಿಗೆ ಕಾಲು ಪಾದದಿಂದ ತೊಡೆಯವರೆಗೆ ಬಾತು ಸುಣ್ಣ ಬಳಿದ ಗೋಡೆಯ ಹಾಗೆ ಬಿಳುಚಿಕೊಂಡಿತ್ತು. ಮೈ ಸುಡುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಅದು. ನಾವಿದ್ದದ್ದು ಶಿಗ್ಗಾವಿಯಲ್ಲಿ. ನನ್ನ ಗಂಡ ಸಮುವೇಲಪ್ಪ ಅಲ್ಲಿನ ಶಾಲೆಯಲ್ಲಿ ಮಾಸ್ತರರು. ನನ್ನ ತವರು ಹಿರೇಕೆರೂರು. ಅವ್ವ ತೀರಿಕೊಂಡಿದ್ದರಿಂದ ಚೊಚ್ಚಲ ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಅತ್ತೆ ಶಾಂತವ್ವ ಬಾಣಂತನ ಮಾಡುತ್ತಿದ್ದರು. ಹೆಣ್ಣು ಮಗು. ಬರುವ ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ಮಾಡಿಸಿ ಕರುಣಾ ಎಂದು ಹೆಸರಿಡಬೇಕೆಂದು ಮಾತಾಗಿತ್ತು.

ಊರಿನ ಡಾಕ್ಟರರು ಕಾಲು ನೋಡಿ, ತಡಮಾಡದೆ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಿರಿ ಎಂದರು. ಓಣಿಯ ನಾಲ್ಕು ಗಂಡಸರು ನನ್ನನ್ನು ಹೊರಸಿನ ಮೇಲೆ ಮಲಗಿಸಿ ಮೋಟಾರು ನಿಲ್ಲುವಲ್ಲಿಗೆ ಹೊತ್ತರು.

"ಕೂಸಿಗೆ ಆ ಧೂಳು ಬ್ಯಾಡ. ಎರಡು ದಿನದ ಮಾತು, ನಾ ನೋಡ್ಕೋತೇನಿ" ಎಂದರು ಅತ್ತೆ.

ಮಗು ನಿದ್ದೆ ಹೋಗಿತ್ತು. ಎಚ್ಚರವಾದೀತೆಂದು ಮುದ್ದಿಡದೆ ಹೊರಟೆ.

ಎರಡು ದಿನ ಏಳು ವಾರವಾಯಿತು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗಿದೆ, ಅಲುಗಾಡಿದರೆ ಜೀವಕ್ಕೇ ಅಪಾಯ ಎಂದರು ಅಲ್ಲಿನ ಡಾಕ್ಟರಬಾಯಿಯವರು. ಕಂಪ್ಲೀಟ್ ಬೆಡ್ ರೆಸ್ಟ್. ದಿಂಬುಗಳ ಮೇಲೆ ಕಾಲು, ಅದರ ಸುತ್ತ ಹತ್ತಿ, ತಲೆಯ ಹತ್ತಿರ ಟೆಂಪರೇಚರ್ ಚಾರ್ಟ್. ಜ್ವರಕ್ಕೆ ಸಲ್ಫಾ ಗುಳಿಗೆ. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾದಾಗ ನರ್ಸ್ ಬಟ್ಟೆ ಬಿಗಿದು ಕಟ್ಟಿದಳು. ಗಂಡ ಬಂದಾಗಲೆಲ್ಲ ನನ್ನದು ಒಂದೇ ಪ್ರಶ್ನೆ, ಕೂಸು ಹಾಲು ಕುಡಿಯುತ್ತದೆಯೇ ಎಂದು. ಕುಡಿಯುತ್ತದೆ ಎನ್ನುತ್ತಿದ್ದರು. ಕಿಟಕಿಯ ಕಡೆ ನೋಡುತ್ತಾ ಹೇಳುತ್ತಿದ್ದರು. ಮೂರನೆಯ ವಾರ ಜ್ವರ ಇಳಿದ ಮೇಲೆ, ಡಾಕ್ಟರಬಾಯಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಯಿ ಬಿಟ್ಟರು.

"ಕೂಸು ಹೋತು, ಸುಗುಣಾ. ನೀ ಇಲ್ಲಿಗೆ ಬಂದ ನಾಕನೇ ದಿನಾನ."

ನಾನು ಅಳಲಿಲ್ಲ. ಅಷ್ಟು ದಿನ ನಾನು ಬದುಕಿಲ್ಲದ ಮಗುವಿನ ಹಾಲಿನ ಬಗ್ಗೆ ಕೇಳುತ್ತಿದ್ದೆ ಎಂಬುದಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಹಸುವಿನ ಹಾಲು ಹೊಂದದೆ ಭೇದಿಯಾಯಿತಂತೆ. ಬಂಕಾಪುರದ ದಾರಿಯಲ್ಲಿರುವ ನಮ್ಮ ಸಭೆಯ ಹೂಳುವ ಜಾಗದಲ್ಲಿ ಅವಳ ಅಪ್ಪನೇ ಮಣ್ಣು ಮಾಡಿದರಂತೆ.

ಆರನೆಯ ವಾರ ಡಾಕ್ಟರಬಾಯಿಯವರು ನನ್ನ ಪಾದ ಹಿಡಿದು ಮೇಲಕ್ಕೆ, ಕೆಳಕ್ಕೆ ಮಣಿಸಿದರು. ಸುಟ್ಟ ಹಾಗೆ ನೋವು.

"ಇನ್ನ ಮ್ಯಾಲೆ ಎಕ್ಸರ್ಸೈಜ್ ನಿನ್ನ ಔಷಧವ್ವಾ. ದಿನಕ್ಕ ಎರಡು ಸಲ. ಹತ್ತು ಸಲ ಪಾದ, ಹತ್ತು ಸಲ ಮಣಕಾಲು. ಆಮ್ಯಾಲೆ ನಡಿಯೋದು. ಮಾಡಲಿಲ್ಲಂದ್ರ ಈ ಕಾಲು ಕಟಿಗಿ ಆಗ್ತೈತಿ."

"ಆದ್ರ ಆಗ್ಲಿರಿ" ಎಂದೆ.

ಅವರು ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತತೊಡಗಿದರು.

ಮನೆಗೆ ಬಂದಾಗ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಅತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ಅನ್ನ ತಂದಿಡುವರು, ಹೋಗುವರು. ನಾನೂ ಮಾತಾಡಿಸಲಿಲ್ಲ. ಎಕ್ಸರ್ಸೈಜ್ ಮಾತ್ರ ಹಿಡಿದೆ. ಹತ್ತು ಎಂದಿದ್ದಲ್ಲಿ ನಲವತ್ತು ಮಾಡಿದೆ. ನೋವಿನಿಂದ ಹಲ್ಲು ಕಚ್ಚುವವರೆಗೆ, ಕಣ್ಣಿಗೆ ಕತ್ತಲೆ ಕವಿಯುವವರೆಗೆ ಕಾಲೆತ್ತಿದೆ. ಮನೆಯವರೆಲ್ಲ ನಾನು ಗುಣವಾಗಲು ಹಟ ಹಿಡಿದಿದ್ದೇನೆ ಎಂದುಕೊಂಡರು. ನಿಜ ಬೇರೆಯಿತ್ತು. ಮಲಗಿದ್ದ ಕೂಸನ್ನು ಬಿಟ್ಟುಹೋದ ಕಾಲು ಇದು, ಇದಕ್ಕೆ ಇಷ್ಟಾದರೂ ಆಗಲಿ ಎಂಬ ಭಾವ. ಚಿಕ್ಕಂದಿನಿಂದ ಸಭೆಯಲ್ಲಿ ಆತ್ಮದ ವಿಷಯವನ್ನೇ ಹೆಚ್ಚು ಕೇಳಿ ಬೆಳೆದವಳು ನಾನು. ಶರೀರವೆಂದರೆ ಹದ್ದುಬಸ್ತಿನಲ್ಲಿಡಬೇಕಾದ ದನವಿದ್ದಂತೆ ಎಂದು ತಿಳಿದಿದ್ದೆ. ಹೊಡೆದರೆ ತಪ್ಪೇನು ಎನಿಸುತ್ತಿತ್ತು.

ಒಂದು ಸಂಜೆ ಸಭೆಯ ಅಯ್ಯನವರು ಪ್ರಾರ್ಥನೆ ಮಾಡಲು ಬಂದರು. ವಯಸ್ಸಾದವರು. ಹಾನಗಲ್ಲಿನಿಂದ ಸವಣೂರಿನವರೆಗೆ ಇರುವ ನಮ್ಮ ಬೆರಳೆಣಿಕೆಯ ಮನೆಗಳನ್ನೆಲ್ಲ ನಡೆದೇ ಮುಟ್ಟುವವರು. ನನ್ನ ಪಾದ ಮತ್ತೆ ಬಾತಿರುವುದನ್ನು ನೋಡಿ, ಎಷ್ಟು ಸಲ ಮಾಡುತ್ತೀ ಎಂದು ಕೇಳಿದರು. ಹೇಳಿದೆ. ಯಾಕೆ ಎಂದರು. ಅದನ್ನೂ ಹೇಳಿಬಿಟ್ಟೆ.

ಅಯ್ಯನವರು ಕೈಯಲ್ಲಿದ್ದ ಬೈಬಲನ್ನು ಪಕ್ಕಕ್ಕಿಟ್ಟರು.

"ಶಿಲುಬಿಮ್ಯಾಲೆ ನಮ್ಮೆಲ್ಲಾರ ಶಿಕ್ಷಾ ಹೊತ್ತಾತ ಒಬ್ಬಾತ ಅದಾನಲ್ಲ ಮಗಳ. ಆತ ಹೊತ್ತದ್ದು ಸಾಲಲಿಲ್ಲಂತ ನಿನ್ನ ಕಾಲಿಗೆ ಹೊರಸಾಕತ್ತೀ ಏನು?"

ನಾನು ತಲೆ ತಗ್ಗಿಸಿದೆ.

"ಆತನೂ ಊರಿಂದ ಊರಿಗೆ ನಡದಾತನ. ಬಾವಿ ಕಟ್ಟಿಮ್ಯಾಲೆ ದಣದು ಕುಂತಾತನ. ಕಾಲು ಅಂದ್ರ ಏನಂತ ಆತಗ ಗೊತ್ತೈತಿ. ನೀ ಕಾಲು ಎತ್ತಿದ್ರ ಆತ ಖುಷಿ ಪಡ್ತಾನ. ತೊಟ್ಟಲದಾಗ ಕೂಸು ಕಾಲು ಬಡದ್ರ ನಾವು ಹೆಂಗ..."

ಅಲ್ಲಿಗೆ ನಿಂತರು. ಯಾರ ಮುಂದೆ ಏನು ಹೇಳಿದೆನೆಂದು ಅರಿವಾಗಿ ಅವರ ಮುಖ ಬಾಡಿತು. "ತಪ್ಪಾತವ್ವಾ" ಎಂದರು.

ಆದರೆ ನನಗೆ ಕಂಡುಬಿಟ್ಟಿತ್ತು. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡಾಗ ನನ್ನ ಮಗು ಎರಡೂ ಕಾಲು ಬಡಿಯುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಯಾರೂ ಎಣಿಸುತ್ತಿರಲಿಲ್ಲ. ಕಾಲಿದ್ದವು, ಬಡಿಯುತ್ತಿತ್ತು. ನಾನು ನೋಡಿ ನಗುತ್ತಿದ್ದೆ. ಆಸ್ಪತ್ರೆಯಲ್ಲಿ ಬಾರದ ಅಳು ಆಗ ಬಂತು. ಒಳಗೆ ಅತ್ತೆಯೂ ಅಳುತ್ತಿದ್ದುದು ಕೇಳಿಸಿತು.

ಮರುದಿನ ಹತ್ತೇ ಸಲ ಮಾಡಿ ನಿಲ್ಲಿಸಿದೆ. ನಲವತ್ತಕ್ಕಿಂತ ಅದು ಕಷ್ಟವಾಗಿತ್ತು.

ನಡೆಯಲು ಅಪ್ಪಣೆಯಾದಾಗ ಅತ್ತೆಯೇ ಮುಂದೆ ಬಂದು ಭುಜ ಕೊಟ್ಟರು. ಮೊದಲು ಅಂಗಳ, ಆಮೇಲೆ ಓಣಿಯ ತುದಿ, ಆಮೇಲೆ ಬಂಕಾಪುರದ ದಾರಿ. ಒಂದು ತಿಂಗಳ ಮೇಲೆ ಹೂಳುವ ಜಾಗ ಮುಟ್ಟಿದೆವು. ಎರಡು ಮೊಳದ ಮಣ್ಣಿನ ದಿಬ್ಬ, ಸುತ್ತ ಕಲ್ಲು. ಆ ಕಲ್ಲುಗಳನ್ನು ಅವಳ ಅಪ್ಪ ಜೋಡಿಸಿದ್ದರು.

ಅತ್ತೆ ನಿಂತೇ ಇದ್ದರು. "ನನ್ನ ಕೈಯಾಗ ಹೋತು ಸುಗುಣಾ. ನೀರು ಹನಿಸಿದ್ನಿ, ಕಷಾಯ ಹನಿಸಿದ್ನಿ. ಯಾವದೂ ನಿಲ್ಲಲಿಲ್ಲ. ನೀ ನನ್ನ ಬೈದಿದ್ರರ ಚೊಲೊ ಇತ್ತು."

"ನಾ ನಿಮ್ಮನ್ನ ಬೈದಿಲ್ರಿ ಅತ್ತಿ. ನನ್ನ ನಾನ ಬೈಕೊಳ್ಳಾಕತ್ತಿದ್ನಿ."

ಅವರ ಕೈ ಹಿಡಿದೆ. ಆ ಕೈಯೇ ಮಗುವನ್ನು ಕೊನೆಯವರೆಗೆ ಹಿಡಿದಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ಇಬ್ಬರೂ ಹೊರಡುತ್ತಿದ್ದೆವು. ಸಮಾಧಿಯವರೆಗೆ ಹೋಗುವುದು, ಕೂತು ಪ್ರಾರ್ಥಿಸುವುದು, ಬರುವುದು. ಒಂದು ದಿನ ಹೊಲದ ಬದುವಿನ ಮೇಲೆ ನವಿಲೊಂದು ಗರಿ ಬಿಚ್ಚಿ ನಿಂತಿತ್ತು. ಎದುರಿನ ಹೆಣ್ಣು ನವಿಲು ಅತ್ತ ನೋಡದೆ ಕಾಳು ಹೆಕ್ಕುತ್ತಿತ್ತು.

"ನಿಮ್ಮ ಮಾವನೂ ಹೊಸಾ ಪಟಕಾ ಸುತ್ತಿಕೊಂಡು ಹಿಂಗ ನಿಂದ್ರತಿದ್ರು. ನಾ ಅಕ್ಕಿ ಆರಿಸ್ಕೋತ ಕುಂದ್ರತಿದ್ನಿ" ಎಂದರು ಅತ್ತೆ. ಇಬ್ಬರೂ ನಕ್ಕೆವು. ನಗುತ್ತಲೇ ನಡೆದೆವು. ತಂಪು ಗಾಳಿ ಇತ್ತು. ಎಡಗಾಲು ನೆನಪೇ ಆಗದ ಹಾಗೆ ನೆಲಕ್ಕೆ ತಾಗಿ ಏಳುತ್ತಿತ್ತು. ಮೈ ಬೆಚ್ಚಗಾಗಿ, ಉಸಿರು ತುಂಬಿ ಬರುತ್ತಿತ್ತು.

ಹಿಂತಿರುಗಿ ನೋಡಿದೆ. ಹೂಳುವ ಜಾಗ ಬಹಳ ಹಿಂದೆ ಉಳಿದಿತ್ತು.

ಎದೆ ಧಸಕ್ಕೆಂದಿತು. ದಾರಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತೆ. "ಮರತ್ನಿ ಅತ್ತಿ. ಆಕೀನ್ನ ದಾಟಿ ಬಂದ್ನಿ."

ಅತ್ತೆ ಪಕ್ಕದಲ್ಲಿ ಕೂತು ಬೆನ್ನು ಸವರಿದರು. "ಮರತಿಲ್ಲವ್ವಾ. ನಿನ್ನ ಕಾಲು ನಡಿತು, ಅಷ್ಟ. ನಡೀಲಿ ಬಿಡು."

ಅಲ್ಲೇ ಕಣ್ಣು ಮುಚ್ಚಿದೆ. ಅಷ್ಟು ದಿನ ನಾನು ಕ್ಷಮೆಯನ್ನೇ ಬೇಡುತ್ತಿದ್ದೆ. ಆ ಬೆಳಿಗ್ಗೆ ಮೊದಲ ಸಲ ಕಾಲಿಗಾಗಿ, ಉಸಿರಿಗಾಗಿ ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳಿದೆ. ಹೇಳುವಾಗ ನಾಲಿಗೆ ತಡವರಿಸಿತು. ದುಃಖ ಎಲ್ಲಿಗೂ ಹೋಗಿರಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಾಗಿತ್ತು, ಅಷ್ಟೇ.

ಈಗ ಒಂದು ವರ್ಷವಾಗುತ್ತ ಬಂತು. ಸಂಜೆಯಾದರೆ ಕಾಲು ಬಾಯುತ್ತದೆ. ಬ್ಯಾಂಡೇಜ್ ಬಿಡುವಂತಿಲ್ಲ. ಇನ್ನೊಂದು ಮಗುವಿನ ವಿಚಾರ ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರಬಾಯಿಯವರು. ಮುಂದೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನಾ ನಡೆಯುತ್ತೇನೆ. ಖುಷಿ ಎಲ್ಲ ದಿನವೂ ಬರುವುದಿಲ್ಲ. ಕೆಲವು ದಿನ ಸಮಾಧಿಯ ಹತ್ತಿರ ಕೂತು ಅತ್ತು ಮನೆಗೆ ಬರುತ್ತೇನೆ. ಕೆಲವು ದಿನ ಅದನ್ನು ದಾಟಿ, ಬಿಸಿಲು ಏರುವವರೆಗೆ ಇನ್ನೂ ಅಷ್ಟು ದೂರ ಹೋಗುತ್ತೇನೆ. ಹೋದದ್ದಕ್ಕೆ ಕ್ಷಮೆ ಕೇಳುವುದನ್ನು ಬಿಟ್ಟಿದ್ದೇನೆ.