ಜೊತೆಗೇ ಬರುವ ಗೆಲಾಕ್ಸಿ

ಆಫೀಸಿನ ಮಂಜುಳಾ ಕಳಿಸಿದ ಗೃಹಪ್ರವೇಶದ ಫೋಟೊ ನೋಡುತ್ತಿದ್ದಾಗ ಮೊಬೈಲಿನ ಗಾಜಿನ ಮೇಲೆ ಬಿಳಿ ಕಲೆಯೊಂದು ಕಂಡಿತು. ಒರೆಸಲು ಹೋದ ಹೆಬ್ಬೆರಳು ಅರ್ಧದಲ್ಲೇ ನಿಂತಿತು. ಕಾರಣ ಶಿವಾನಂದಪ್ಪನವರು.

ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು. ಕೆಳಗೆ ಅವರು, ಮೇಲೆ ನಾನು. ದಾವಣಗೆರೆ ಕಡೆಯವರು, ನಿವೃತ್ತ ಇಂಜಿನಿಯರು. ಯಾವುದೋ ವೀಕ್ಷಣಾಲಯ ಜನರಿಗೆಂದು ಬಿಟ್ಟಿದ್ದ ಆಕಾಶದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಿಸುತ್ತ, ಯಾರೂ ನೋಡದ ಗೆಲಾಕ್ಸಿ ಒಂದಾದರೂ ಸಿಕ್ಕೀತೆಂದು ದಿನಾ ಕೂರುತ್ತಿದ್ದರು. ನಗಬೇಡಿ. ಕಟ್ಟಿಸಿದ ಸೇತುವೆಗಳ ಮೇಲೆಲ್ಲ ಮಂತ್ರಿಗಳ ಹೆಸರು. ಮನೆಯ ಗೇಟಿನ ಮೇಲೆ ‘ಗಿರಿಜಾ ನಿಲಯ’ ಎಂದು ಹೆಂಡತಿಯ ಹೆಸರು. ತಾನು ಕಂಡದ್ದೆಂಬುದು ಎಲ್ಲಾದರೂ ಒಂದಿರಲಿ ಎಂಬ ಆಸೆ ಆ ಮನುಷ್ಯನಿಗೆ.

ಒಂದು ಬೆಳಿಗ್ಗೆ (ಸಂಜೆಯೂ ಇರಬಹುದು; ಅವರು ಎರಡು ಹೊತ್ತೂ ಪೂಜೆ ಮಾಡುತ್ತಿದ್ದುದರಿಂದ ನನ್ನ ನೆನಪಿಗೆ ಆ ಕಡೆಯಿಂದ ಸಹಾಯವಿಲ್ಲ) ಕೆಳಗಿನಿಂದ ಕೂಗಿದರು.

“ಮೇಲಿನೋರೇ, ಓಡಿ ಬರ್ರೀ! ಸಿಕ್ತು!”

ಕಪ್ಪು ಪರದೆಯ ಮೇಲೆ ಬೂದು ಬಣ್ಣದ ಕಲೆ. ನಡುವೆ ಉಬ್ಬು, ಅಂಚು ತೆಳು.

“ಇಡ್ಲೀನ ಪಕ್ಕದಿಂದ ನೋಡ್ದಂಗಿಲ್ಲೇನ್ರೀ? ಸುರುಳಿ ಇಲ್ಲ, ತೋಳಿಲ್ಲ. ಲೆಂಟಿಕ್ಯುಲರ್ ಗೆಲಾಕ್ಸಿ ಇದು! ನೀವೇ ಸಾಕ್ಷಿ.”

ಇಡ್ಲಿಯ ವಿಷಯದಲ್ಲಿ ನನಗೆ ಅಧಿಕಾರವಿತ್ತು. “ಇಡ್ಲೀನೇ ಸಾರ್,” ಎಂದೆ.

ಅವರು ಚಿತ್ರ ಸರಿಸಿದರು. ನಕ್ಷತ್ರಗಳೆಲ್ಲ ಹೋದವು, ಗೆಲಾಕ್ಸಿ ಹೋಗಲಿಲ್ಲ. “ಎಷ್ಟು ದೊಡ್ಡದೈತೆ ನೋಡ್ರೀ! ಎಲ್ಲಿ ಹೋದ್ರೂ ಜೊತಿಗೇ ಬರ್ತೈತೆ!” ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಗಂಭೀರವಾಗಿ ತಲೆಯಾಡಿಸಿದೆ.

ಕಾಫಿ ತಂದ ಗಿರಿಜಾ ಆಂಟಿ ಪರದೆಯನ್ನು ನೋಡಿದರು, ಗಂಡನ ಹಣೆಯನ್ನು ನೋಡಿದರು. “ವಿಭೂತಿ ಹಚ್ಚಿದ ಬೆರಳಾಗೇ ಎಲ್ಲಾನೂ ಮುಟ್ಟಿದ್ರೆ ಇನ್ನೇನಾಗ್ತೈತ್ರೀ?” ಎಂದು ಸೆರಗಿನಿಂದ ಒರೆಸಿಬಿಟ್ಟರು.

ಶಿವಾನಂದಪ್ಪನವರು ತಮ್ಮ ಮೂರು ಬೆರಳುಗಳನ್ನೇ ನೋಡುತ್ತ ಕೂತರು. ಕಾಫಿ ಮುಟ್ಟಲಿಲ್ಲ.

“ಇದೊಂದು ಹೋಗವಲ್ದು, ಜಿಡ್ಡು,” ಎನ್ನುತ್ತ ಆಂಟಿ ಅದೇ ಜಾಗವನ್ನು ಉಗುರಿನಿಂದ ಕೆರೆಯತೊಡಗಿದರು. ಇನ್ನೊಂದು ಇಡ್ಲಿ, ಇದ್ದೂ ಇಲ್ಲದಷ್ಟು ಮಸುಕು. ಚಿತ್ರ ಸರಿಸಿದೆವು. ಈ ಸಲ ಅದೂ ಸರಿಯಿತು! ಪರದೆಯ ಮೇಲಲ್ಲ, ಆಕಾಶದಲ್ಲೇ ಇತ್ತು.

ಅವರು ವೀಕ್ಷಣಾಲಯಕ್ಕೆ ಬರೆದರು. ಉತ್ತರ ಬಂತು: ಲೆಂಟಿಕ್ಯುಲರ್ ಹೌದು, ಆದರೆ ಯಾರೋ ಬಹಳ ಹಿಂದೆಯೇ ಕಂಡು ನಂಬರು ಕೊಟ್ಟಾಗಿದೆ. ನಾನು ಸಮಾಧಾನ ಹೇಳಲು ಬಾಯಿ ತೆರೆದೆ.

“ಮೆಲ್ಲಗೆ ಮಾತಾಡ್ರೀ,” ಎಂದರು. “ನಮ್ಮಾಕಿ ತಾನೇ ಕಂಡುಹಿಡಿದೆ ಅಂತ ಬೀದಿಗೆಲ್ಲ ಹೇಳಿ ಬಂದಾಳೆ. ಇರ್ಲಿ ಬಿಡ್ರೀ, ಆಕೀದೇ.”

ಆಮೇಲೆ ಕಾಫಿ ಕುಡಿದರು. ಆರಿಹೋಗಿತ್ತು ಎಂದು ಬರೆಯಲು ಆಸೆ; ನಿಜಕ್ಕೂ ಅದು ಬೇರೆ ದಿನದ ಕಾಫಿ.

ಇವತ್ತು ಒರೆಸುವ ಮೊದಲು ಫೋಟೊ ಸರಿಸಿ ನೋಡಿದೆ. ಕಲೆ ಅಲ್ಲೇ ಉಳಿಯಿತು. ಚಟ್ನಿ. ಒರೆಸಿದೆ. ಅದರ ಕೆಳಗೆ, ಎಲ್ಲರ ಹಿಂದೆ, ಅರ್ಧ ಮುಖ ಮಾತ್ರ ಕಾಣುವಂತೆ ಮಂಜುಳಾಳ ಗಂಡ ನಿಂತಿದ್ದರು.

ಅವರ ಹೆಸರೇನೆಂದು ಕೇಳಿ ಮೆಸೇಜು ಹಾಕಿದೆ.